ಚೀಟಿಯ ಮಾತು ಮತ್ತು ಬಾಯಿಯ ಮಾತು
(ವ್ಯವಸಾಯದ ಇನ್ಸ್‌ಪೆಕ್ಟರೊಬ್ಬರಿಂದ)

ಮುಂಗಾರು ಮಳೆಯು ಪ್ರಾರಂಭವಾಗುವುದಕ್ಕೆ ಹದಿನೈದು ದಿವಸಗಳ ಮೊದಲೇ ನಮ್ಮ ಕಸಬಾ ಊರುಗಳ ಗೋಡೆಗಳು ಬಣ್ಣಬಣ್ಣದ ಭಿತ್ತಿಪತ್ರಗಳಿಂದ ತುಂಬಿಹೋಗುತ್ತವೆ. ಮೊಳಕೈ ಉದ್ದದ ಜೋಳದ ತೆನೆ, ಕೊಂಬೆಯು ಬಾಗುವಷ್ಟು ಕಾಯಿಬಿಟ್ಟ ಮೆಣಸಿನ ಗಿಡ, ನಗುಮುಖದ ರೈತ ದಂಪತಿಗಳು, ಅವರ ಬೆನ್ನ ಹಿಂದೆ ಹೊಸದೊಂದು ಟ್ರಾಕ್ಟರು, ಇವುಗಳನ್ನು ನೋಡಿದವರಿಗೆ ಬೇಸಾಯದಷ್ಟು ಸುಲಭವೂ ಲಾಭಕರವೂ ಆದ ಕಸುಬು ಬೇರೊಂದಿಲ್ಲವೆಂದು ತೋರಿದರೆ ಆಶ್ಚರ್ಯವಿಲ್ಲ. ಧ್ವನಿವರ್ಧಕವನ್ನು ಕಟ್ಟಿಕೊಂಡ ಗಾಡಿಗಳು ಸಂತೆಯ ದಿವಸ ಇದೇ ಮಾತುಗಳನ್ನು ಕೂಗಿ ಹೇಳುತ್ತವೆ. ರೈತನ ಅಂಗಿಯ ಜೇಬಿನಲ್ಲಿರುವ ಮೊಬೈಲಿನಲ್ಲಿಯೂ ಅದೇ ಚಿತ್ರಗಳು, ಅದೇ ಮಾತುಗಳು ಬಂದು ಬೀಳುತ್ತವೆ.

ಸರಕನ್ನು ಮಾರುವವನು ತನ್ನ ಸರಕನ್ನು ಹೊಗಳುವುದು ಲೋಕಸ್ವಭಾವ. ಅದನ್ನು ಸಂಪೂರ್ಣವಾಗಿ ತಡೆಯುವುದು ಸಾಧ್ಯವೂ ಅಲ್ಲ, ಅವಶ್ಯಕವೂ ಅಲ್ಲ. ಆದರೆ ಬೇಸಾಯಗಾರನು ಕೊಳ್ಳುವ ಬೀಜ, ಗೊಬ್ಬರ ಮತ್ತು ಔಷಧಿಗಳಿಗೂ ಮಿಕ್ಕ ಸರಕುಗಳಿಗೂ ಒಂದು ದೊಡ್ಡ ವ್ಯತ್ಯಾಸವುಂಟು. ಬಟ್ಟೆಯನ್ನು ಕೊಳ್ಳುವವನು ಅದನ್ನು ಬೆರಳಿನಿಂದ ಮುಟ್ಟಿ ನೋಡಬಹುದು. ಮಡಕೆಯನ್ನು ಕೊಳ್ಳುವವಳು ಅದನ್ನು ತಟ್ಟಿ ನೋಡಬಹುದು. ಎತ್ತನ್ನು ಕೊಳ್ಳುವವನು ಹಲ್ಲುಗಳನ್ನು ಎಣಿಸಿ, ನಾಲ್ಕು ಹೆಜ್ಜೆ ನಡೆಸಿ ಪರೀಕ್ಷಿಸಬಹುದು. ಮುದ್ರೆ ಹಾಕಿದ ಪೊಟ್ಟಣದೊಳಗಿನ ಬೀಜದ ಗುಣವಾದರೋ ಮೂರು ತಿಂಗಳು ಕಳೆದು ಪೈರು ಹೂವಿಗೆ ಬಂದಾಗ ಮಾತ್ರ ಗೊತ್ತಾಗತಕ್ಕದ್ದು. ಅಷ್ಟರಲ್ಲಿ ಹದವು ಹೋಗಿರುತ್ತದೆ, ವರ್ಷವೂ ಹೋಗಿರುತ್ತದೆ. ಆದುದರಿಂದ ಈ ವ್ಯಾಪಾರದಲ್ಲಿ ಕೊಳ್ಳುವವನು ಹಣವನ್ನು ಕೊಟ್ಟು ತರುವುದು ಮುಖ್ಯವಾಗಿ ಮಾರುವವನ ಮಾತನ್ನು. ಆ ಮಾತಿಗೆ ಕಾನೂನಿನ ಕಟ್ಟುಪಾಡು ಎಷ್ಟಿದೆ, ಧರ್ಮದ ಕಟ್ಟುಪಾಡು ಎಷ್ಟಿರಬೇಕು ಎಂಬುದನ್ನು ವಿಚಾರಮಾಡುವುದೇ ಈ ಲೇಖನದ ಉದ್ದೇಶವಾಗಿದೆ.

ಹೊಗಳಿಕೆ ಮತ್ತು ವಾಗ್ದಾನ

ಕೊಳ್ಳುವವನೇ ಎಚ್ಚರಿಕೆಯಿಂದಿರಬೇಕು ಎಂಬುದು ವ್ಯಾಪಾರದ ಹಳೆಯ ನ್ಯಾಯ. ನಮ್ಮ ದೇಶದಲ್ಲಿ ಈಗಲೂ ನಡೆಯುತ್ತಿರುವ ೧೯೩೦ನೆಯ ಇಸವಿಯ ಸರಕು ಮಾರಾಟದ ಕಾಯಿದೆಯ ೧೬ನೆಯ ಪ್ರಕರಣವೂ ಈ ನ್ಯಾಯದಿಂದಲೇ ಪ್ರಾರಂಭವಾಗುತ್ತದೆ. ಆದರೆ ಅದೇ ಪ್ರಕರಣದಲ್ಲಿ ಒಂದು ಮುಖ್ಯವಾದ ವಿನಾಯಿತಿಯುಂಟು. ಕೊಳ್ಳುವವನು ತನಗೆ ಇಂಥ ಕೆಲಸಕ್ಕಾಗಿ ಪದಾರ್ಥವು ಬೇಕೆಂದು ತಿಳಿಸಿ, ಮಾರುವವನ ತಿಳಿವಳಿಕೆಯನ್ನೇ ನಂಬಿ ಕೊಂಡಿದ್ದು, ಅಂಥ ಪದಾರ್ಥಗಳನ್ನು ಮಾರುವುದೇ ಮಾರುವವನ ಕಸುಬಾಗಿದ್ದ ಪಕ್ಷದಲ್ಲಿ, ಆ ಪದಾರ್ಥವು ಆ ಕೆಲಸಕ್ಕೆ ತಕ್ಕುದಾಗಿರಲೇಬೇಕು. ಇದರ ಜೊತೆಗೆ ರೈತರು ಗಮನಿಸಬೇಕಾದ ಇನ್ನೊಂದು ಮಾತೂ ಅಲ್ಲಿಯೇ ಇದೆ. ವ್ಯಾಪಾರದ ಹೆಸರನ್ನು ಹೇಳಿ ‘ಇಂಥದನ್ನೇ ಕೊಡು’ ಎಂದು ಕೇಳಿ ಕೊಂಡ ಸರಕಿಗೆ ಈ ವಿನಾಯಿತಿಯು ಸಲ್ಲುವುದಿಲ್ಲ. ಆದುದರಿಂದ ಅಂಗಡಿಗೆ ಹೋದವರು ಭಿತ್ತಿಪತ್ರದಲ್ಲಿ ಕಂಡ ಹೆಸರನ್ನು ಹೇಳಿ ಕೇಳುವುದಕ್ಕಿಂತ, ತಮ್ಮ ಬೆಳೆಯನ್ನೂ ಅದಕ್ಕೆ ಬಂದಿರುವ ಕೀಟವನ್ನೂ ಹೇಳಿ ಕೇಳುವುದು ಎಲ್ಲ ವಿಧದಲ್ಲಿಯೂ ಮೇಲು.

ಬರಿಯ ಹೊಗಳಿಕೆಗೂ ವಾಗ್ದಾನಕ್ಕೂ ಇರುವ ಭೇದವನ್ನು ತೋರಿಸುವ ಒಂದು ವ್ಯಾಜ್ಯವು ಇಂಗ್ಲೆಂಡಿನಲ್ಲಿ ನಡೆದು, ನಮ್ಮ ದೇಶದ ಕಾನೂನು ವಿದ್ಯಾರ್ಥಿಗಳಿಗೆಲ್ಲಾ ಪಾಠವಾಗಿದೆ. ೧೮೯೧ನೆಯ ಇಸವಿಯಲ್ಲಿ ಅಲ್ಲಿಯ ಒಂದು ಕಂಪೆನಿಯವರು ಮೂಗಿನಿಂದ ಎಳೆದುಕೊಳ್ಳುವ ಹೊಗೆಯ ಚೆಂಡೊಂದನ್ನು ಮಾರುತ್ತ, ದಿನಕ್ಕೆ ಮೂರಾವೃತ್ತಿಯಂತೆ ಎರಡು ವಾರ ಇದನ್ನು ಉಪಯೋಗಿಸಿದ ಮೇಲೂ ಇನ್‌ಫ್ಲುಯೆಂಜಾ ಜ್ವರ ಬಂದವರಿಗೆ ೧೦೦ ಪೌಂಡುಗಳನ್ನು ಕೊಡುವೆವೆಂದೂ, ಅದಕ್ಕಾಗಿ ೧೦೦೦ ಪೌಂಡುಗಳನ್ನು ಬ್ಯಾಂಕಿನಲ್ಲಿ ಇಟ್ಟಿರುವೆವೆಂದೂ ವೃತ್ತಪತ್ರಿಕೆಯಲ್ಲಿ ಪ್ರಕಟಿಸಿದರು. ಒಬ್ಬ ಮಹಿಳೆಯು ಹೇಳಿದಂತೆಯೇ ಉಪಯೋಗಿಸಿದಳು, ಆದರೂ ಜ್ವರವು ಬಂದಿತು. ಹಣವನ್ನು ಕೇಳಿದಾಗ ಕಂಪೆನಿಯವರು ಅದು ಬರಿಯ ಜಾಹೀರಾತಿನ ಹೊಗಳಿಕೆಯೆಂದು ವಾದಿಸಿದರು. ೧೮೯೨ನೆಯ ಇಸವಿಯ ಡಿಸೆಂಬರ್ ತಿಂಗಳಲ್ಲಿ ಅಪೀಲು ನ್ಯಾಯಾಲಯದವರು ಆ ವಾದವನ್ನು ತಳ್ಳಿಹಾಕಿ ಹಣವನ್ನು ಕೊಡಿಸಿದರು. ಮೊತ್ತವನ್ನು ಹೇಳಿ, ಷರತ್ತನ್ನು ಹೇಳಿ, ಬ್ಯಾಂಕಿನಲ್ಲಿ ಹಣವಿಟ್ಟಿರುವೆವೆಂದು ಹೇಳಿದ ಮೇಲೆ ಅದು ವಾಗ್ದಾನವೇ ಆಗುತ್ತದೆಂದು ತೀರ್ಮಾನವಾಯಿತು.

ಈ ತೀರ್ಪಿನ ನ್ಯಾಯವನ್ನು ನಮ್ಮ ಹೊಲಗಳಿಗೆ ಹೊಂದಿಸಿ ನೋಡೋಣ. ‘ಬಂಗಾರದಂಥ ಬೆಳೆ’ ಎಂದು ಗೋಡೆಯ ಮೇಲೆ ಬರೆದರೆ ಅದನ್ನು ನಂಬಿ ಯಾರೂ ಸಾಲ ಮಾಡುವುದಿಲ್ಲ. ‘ಎಕರೆಗೆ ಮೂವತ್ತು ಕ್ವಿಂಟಾಲು’ ಎಂದು ಬರೆದರೆ ಅದನ್ನು ನಂಬಿ ರೈತನು ಮನೆಯಲ್ಲಿ ಲೆಕ್ಕ ಹಾಕುತ್ತಾನೆ, ಮಗಳ ಮದುವೆಯ ದಿವಸವನ್ನು ಗೊತ್ತುಮಾಡುತ್ತಾನೆ. ವಿಶೇಷಣವು ಗಾಳಿಗೆ ಹೋಗುವ ಮಾತು, ಅಂಕಿಯು ಲೆಕ್ಕಕ್ಕೆ ಬರುವ ಮಾತು. ಅಂಕಿಯನ್ನು ಹೇಳಿದವನು ಅದಕ್ಕೆ ಹೊಣೆಗಾರನಾಗಿರತಕ್ಕದ್ದು ಎಂಬುದೇ ನನ್ನ ಅಭಿಪ್ರಾಯದ ತಿರುಳು.

ಚೀಟಿಯ ಮೇಲೆ ಕಾನೂನಿನ ಕಣ್ಣು

ನಮ್ಮ ಸರ್ಕಾರದವರು ಈ ವಿಷಯದಲ್ಲಿ ಸುಮ್ಮನೆ ಕುಳಿತಿರಲಿಲ್ಲ. ೧೯೫೮ನೆಯ ಇಸವಿಯಲ್ಲಿ ಕೇರಳದಲ್ಲಿ ಪ್ಯಾರಾಥಿಯಾನ್ ಎಂಬ ಕೀಟನಾಶಕವು ಹಡಗಿನಲ್ಲಿ ಗೋಧಿಯ ಹಿಟ್ಟಿನೊಂದಿಗೆ ಸೇರಿ, ಆ ಹಿಟ್ಟನ್ನು ತಿಂದ ನೂರಕ್ಕೂ ಹೆಚ್ಚು ಜನರು ಮೃತರಾದರು. ಈ ಘೋರವಾದ ಪ್ರಸಂಗದ ಅನಂತರ ನಡೆದ ವಿಚಾರಣೆಗಳ ಫಲವಾಗಿ ೧೯೬೮ನೆಯ ಇಸವಿಯ ಕೀಟನಾಶಕಗಳ ಕಾಯಿದೆಯೂ, ೧೯೭೧ನೆಯ ಇಸವಿಯ ನಿಯಮಗಳೂ ಬಂದವು. ಇವುಗಳ ಪ್ರಕಾರ ಪ್ರತಿಯೊಂದು ಸೀಸೆಯ ಮೇಲೂ ವಜ್ರಾಕಾರದ ಗುರುತಿದ್ದು, ಅದರ ಕೆಳಗಿನ ಅರ್ಧದ ಬಣ್ಣವು ವಿಷದ ತೀವ್ರತೆಯನ್ನು ತಿಳಿಸುತ್ತದೆ. ಕೆಂಪು ಅತ್ಯಂತ ತೀವ್ರವಾದ ವಿಷ, ಹಳದಿ ಅದರ ಅನಂತರದ್ದು, ನೀಲಿ ಮತ್ತು ಹಸಿರು ಕ್ರಮವಾಗಿ ಕಡಮೆಯಾದುವು. ಹಸಿರು ಗುರುತಿದ್ದರೂ ಅದು ವಿಷವಲ್ಲವೆಂದು ಅರ್ಥವಲ್ಲ. ‘ಸುರಕ್ಷಿತ’, ‘ವಿಷರಹಿತ’, ‘ನಿರಪಾಯಕರ’ ಎಂಬ ಮಾತುಗಳನ್ನು, ‘ಹೇಳಿದಂತೆ ಉಪಯೋಗಿಸಿದರೆ’ ಎಂಬ ಷರತ್ತನ್ನು ಸೇರಿಸಿಯೂ ಸಹ, ಚೀಟಿಯ ಮೇಲೆ ಅಚ್ಚುಹಾಕಕೂಡದೆಂದು ನಿಯಮಗಳು ವಿಧಿಸುತ್ತವೆ. ಚೀಟಿಯಲ್ಲಿ ಸುಳ್ಳಾದ ಅಥವಾ ತಪ್ಪುದಾರಿಗೆಳೆಯುವ ಮಾತಾಗಲಿ ಚಿತ್ರವಾಗಲಿ ಇದ್ದರೆ ಆ ಸರಕು ತಪ್ಪು ಚೀಟಿಯ ಸರಕೆನ್ನಿಸಿಕೊಂಡು ಶಿಕ್ಷೆಗೆ ಗುರಿಯಾಗುತ್ತದೆ.

ಬೀಜದ ವಿಷಯದಲ್ಲಿ ೧೯೬೬ನೆಯ ಇಸವಿಯ ಬೀಜಗಳ ಕಾಯಿದೆಯು, ಸರ್ಕಾರದವರು ಅಧಿಸೂಚಿಸಿದ ತಳಿಗಳಿಗೆ ಮೊಳಕೆಯ ಮತ್ತು ಶುದ್ಧತೆಯ ಕನಿಷ್ಠ ಪ್ರಮಾಣವನ್ನು ಗೊತ್ತುಮಾಡಿ, ಅದು ಚೀಟಿಯಲ್ಲಿ ಸರಿಯಾಗಿ ನಮೂದಾಗಿರಬೇಕೆಂದು ಹೇಳುತ್ತದೆ. ಭತ್ತಕ್ಕೆ ನೂರಕ್ಕೆ ೮೦, ರಾಗಿಗೆ ೭೫, ಕಡಲೆಕಾಯಿಗೆ ೭೦ ಮೊಳಕೆ ಬರಲೇಬೇಕು. ಪ್ರಮಾಣಿತ ಬೀಜಕ್ಕೆ ನೀಲಿ ಚೀಟಿ, ನಿಜಚೀಟಿ ಬೀಜಕ್ಕೆ ಹಸಿರು ಚೀಟಿ. ೧೯೮೩ನೆಯ ಇಸವಿಯ ಬೀಜ ನಿಯಂತ್ರಣ ಆಜ್ಞೆಯ ಮೇರೆಗೆ ಲೈಸೆನ್ಸಿಲ್ಲದೆ ಬೀಜವನ್ನು ಮಾರಕೂಡದು, ದಾಸ್ತಾನು ಮತ್ತು ಬೆಲೆಯ ಪಟ್ಟಿಯನ್ನು ಅಂಗಡಿಯ ಮುಂದೆ ತೂಗುಹಾಕಬೇಕು, ಕೊಂಡವರಿಗೆ ಬಿಲ್ಲನ್ನು ಕೊಡಬೇಕು. ರಸಗೊಬ್ಬರಗಳಿಗೆ ೧೯೮೫ನೆಯ ಇಸವಿಯ ನಿಯಂತ್ರಣ ಆಜ್ಞೆಯಿದೆ. ಬಹುಕಾಲ ಯಾವ ಕಟ್ಟಿಗೂ ಒಳಪಡದೆ ಇದ್ದ ‘ಜೈವಿಕ ಉತ್ತೇಜಕ’ಗಳೆಂಬ ದ್ರವಗಳನ್ನೂ ೨೦೨೧ರಲ್ಲಿ ಈ ಆಜ್ಞೆಯೊಳಕ್ಕೆ ತರಲಾಯಿತು.

ಇವೆಲ್ಲಕ್ಕೂ ಮೇಲಾಗಿ ೨೦೧೯ನೆಯ ಇಸವಿಯ ಗ್ರಾಹಕರ ಸಂರಕ್ಷಣಾ ಕಾಯಿದೆಯು ಜಾಹೀರಾತನ್ನೇ ನೇರವಾಗಿ ಹಿಡಿದುಕೊಂಡಿದೆ. ಸರಕನ್ನು ಸುಳ್ಳಾಗಿ ವರ್ಣಿಸುವುದು, ಸುಳ್ಳು ಭರವಸೆಯನ್ನು ಕೊಡುವುದು, ಮುಖ್ಯವಾದ ಸಂಗತಿಯನ್ನು ಬೇಕೆಂದೇ ಮರೆಮಾಚುವುದು, ಇವು ಮೂರೂ ಅದರ ಪ್ರಕಾರ ದಾರಿತಪ್ಪಿಸುವ ಜಾಹೀರಾತುಗಳು. ಕೇಂದ್ರ ಪ್ರಾಧಿಕಾರದವರು ತಯಾರಕರಿಗೂ, ಸರಕನ್ನು ಹೊಗಳಿ ಹೆಸರು ಕೊಟ್ಟವರಿಗೂ ಹತ್ತು ಲಕ್ಷ ರೂಪಾಯಿಗಳವರೆಗೆ, ತಪ್ಪು ಮರುಕಳಿಸಿದರೆ ಐವತ್ತು ಲಕ್ಷದವರೆಗೆ ದಂಡ ವಿಧಿಸುವಂತೆ ಈ ಕಾಯಿದೆಯಲ್ಲಿ ಅವಕಾಶ ಮಾಡಲಾಯಿತು. ರೈತನು ಬೆಳೆಯನ್ನು ಮಾರುವುದಕ್ಕಾಗಿ ಬೆಳೆಯುವವನಾದ್ದರಿಂದ ಗ್ರಾಹಕನಲ್ಲವೆಂಬ ವಾದವೊಂದಿತ್ತು. ರಾಷ್ಟ್ರೀಯ ಬೀಜ ನಿಗಮದವರು ತಂದ ಅಪೀಲುಗಳಲ್ಲಿ ಸರ್ವೋಚ್ಚ ನ್ಯಾಯಾಲಯದವರು ೨೦೧೨ನೆಯ ಇಸವಿಯ ಜನವರಿಯಲ್ಲಿ ತೀರ್ಪು ಕೊಟ್ಟು, ಬೀಜವನ್ನು ಕೊಂಡ ರೈತನು ಗ್ರಾಹಕನೇ ಎಂದೂ, ಬೀಜಗಳ ಕಾಯಿದೆಯಿದ್ದರೂ ಅವನು ಗ್ರಾಹಕ ನ್ಯಾಯಾಲಯಕ್ಕೆ ಹೋಗಬಹುದೆಂದೂ ಸ್ಥಿರಪಡಿಸಿದರು. ಮುಂದೆ ಪರೀಕ್ಷೆಗೆ ಬೇಕಾದೀತೆಂದು ಪ್ರತಿಯೊಬ್ಬ ರೈತನೂ ಬೀಜದ ಒಂದು ಪಾಲನ್ನು ಎತ್ತಿಡುವನೆಂದು ನಿರೀಕ್ಷಿಸಲಾಗದು ಎಂದೂ ಅವರು ಹೇಳಿದರು. ಹೊಲದ ಸ್ಥಿತಿಯನ್ನು ತಿಳಿದು ಹೇಳಿದ ಮಾತಿದು.

ಕಾನೂನಿನಲ್ಲಿ ಕೊರತೆಗಳೂ ಇವೆ. ೧೯೬೬ರ ಬೀಜಗಳ ಕಾಯಿದೆಯಲ್ಲಿ ಮೊದಲನೆಯ ತಪ್ಪಿಗೆ ಗೊತ್ತುಮಾಡಿದ ದಂಡವು ಹೆಚ್ಚೆಂದರೆ ಐನೂರು ರೂಪಾಯಿ. ಅಂದಿನ ಐನೂರು ರೂಪಾಯಿಗೆ ಇದ್ದ ಬೆಲೆ ಬೇರೆ, ಈಗ ಅದು ಸಂಕರಣ ತರಕಾರಿ ಬೀಜದ ಒಂದು ಪೊಟ್ಟಣಕ್ಕೂ ಸಾಲದೆ ಹೋಗುವುದುಂಟು. ೨೦೨೫ನೆಯ ಇಸವಿಯ ನವೆಂಬರ್ ತಿಂಗಳಲ್ಲಿ ಕೇಂದ್ರ ಸರ್ಕಾರದವರು ಹೊಸ ಬೀಜ ಮಸೂದೆಯ ಕರಡನ್ನು ಪ್ರಕಟಿಸಿ ಸಾರ್ವಜನಿಕರ ಅಭಿಪ್ರಾಯವನ್ನು ಕೇಳಿದ್ದಕ್ಕೆ ಇಂಥ ಕೊರತೆಗಳೂ ಕಾರಣ. ಆದರೆ ನನ್ನ ಮುಖ್ಯವಾದ ಆಕ್ಷೇಪಣೆಯು ದಂಡದ ಮೊತ್ತವನ್ನು ಕುರಿತದ್ದಲ್ಲ. ಚೀಟಿಯು ಮೊಳಕೆಯನ್ನು ಹೇಳುತ್ತದೆ, ಇಳುವರಿಯನ್ನು ಹೇಳುವುದಿಲ್ಲ. ಭಿತ್ತಿಪತ್ರವು ಇಳುವರಿಯನ್ನು ಹೇಳುತ್ತದೆ, ಮೊಳಕೆಯನ್ನು ಹೇಳುವುದಿಲ್ಲ. ನಮ್ಮ ಪರೀಕ್ಷಾಶಾಲೆಯು ಪರೀಕ್ಷಿಸುವುದು ಮೊದಲನೆಯದನ್ನು, ರೈತನು ನಂಬುವುದು ಎರಡನೆಯದನ್ನು. ಇವೆರಡರ ನಡುವೆ, ಅಂಗಡಿಯ ಕಟ್ಟೆಯ ಮೇಲೆ, ಕೇವಲ ಬಾಯಿಮಾತಿನಿಂದ ನಡೆಯುವ ವ್ಯಾಪಾರಕ್ಕೆ ಸಾಕ್ಷಿಯೇ ಇರುವುದಿಲ್ಲ.

ಒಂದು ಸೀಸೆಯ ಕಥೆ

೨೦೨೧–೨೨ನೆಯ ಸಾಲಿನಲ್ಲಿ ಆಂಧ್ರ, ತೆಲಂಗಾಣ ಮತ್ತು ನಮ್ಮ ನಾಡಿನ ಮೆಣಸಿನಕಾಯಿಯ ಹೊಲಗಳಿಗೆ ಹೊಸ ಬಗೆಯ ಕಪ್ಪು ಥ್ರಿಪ್ಸ್ ನುಸಿಯು ಬಿದ್ದು, ಹೂವುಗಳನ್ನು ಹಾಳುಮಾಡಿ ಅಪಾರವಾದ ನಷ್ಟವನ್ನುಂಟುಮಾಡಿದ್ದು ವಾಚಕರಿಗೆ ನೆನಪಿರಬಹುದು. ಆ ಕಾಲದಲ್ಲಿ ಒಂದು ದಿವಸ ವಯಸ್ಸಾದ ರೈತರೊಬ್ಬರು ಬರಿದಾದ ಮೂರು ಸೀಸೆಗಳನ್ನು ಚೀಲದಲ್ಲಿ ಹಾಕಿಕೊಂಡು ನನ್ನ ಕಚೇರಿಗೆ ಬಂದರು.

‘ಸಾಹೇಬರೇ, ಇದನ್ನು ಹೊಡೆದರೆ ಮೂರು ದಿವಸದಲ್ಲಿ ನುಸಿ ಸಾಯುತ್ತದೆಂದು ಅಂಗಡಿಯವರು ಹೇಳಿದರು. ಮೂರು ಸಲ ಹೊಡೆದೆ. ನುಸಿ ಹಾಗೆಯೇ ಇದೆ, ಹೂವು ಉದುರುತ್ತಿದೆ’ ಎಂದರು.

ಸೀಸೆಯನ್ನು ತಿರುಗಿಸಿ ನೋಡಿದೆನು. ಚೀಟಿಯ ಮೇಲೆ ನುಸಿಯ ಹೆಸರೇ ಇರಲಿಲ್ಲ. ಗಿಡದ ಬೆಳವಣಿಗೆಗೆ ಸಹಾಯಕವೆಂದು ಮಾತ್ರ ಅಚ್ಚಾಗಿತ್ತು. ಅಂದರೆ ಚೀಟಿಯು ಸುಳ್ಳು ಹೇಳಿರಲಿಲ್ಲ. ‘ಬಿಲ್ಲು ಇದೆಯೇ ಗೌಡರೇ?’ ಎಂದು ಕೇಳಿದೆನು. ಅವರು ಪೇಟದ ಮಡಿಕೆಯಿಂದ ಒಂದು ಕಾಗದವನ್ನು ತೆಗೆದುಕೊಟ್ಟರು. ಅದರಲ್ಲಿ ‘ಔಷಧಿ ೩’ ಎಂದೂ ಅದರ ಮುಂದೆ ಮೊತ್ತವೂ ಇದ್ದವು. ಅಂಗಡಿಯವರು ಏನೆಂದು ಹೇಳಿ ಮಾರಿದರೆಂಬುದಾಗಿ ಬರಹದಲ್ಲಿ ಹೇಳಿಕೆಯನ್ನು ಕೊಡಿ, ಮುಂದಿನ ಕ್ರಮವನ್ನು ಕೈಕೊಳ್ಳುವೆನು ಎಂದೆನು. ಅವರು ಬಹಳ ಹೊತ್ತು ಸುಮ್ಮನೆ ಕುಳಿತಿದ್ದು, ‘ಅವರ ಹತ್ತಿರ ನನ್ನ ಉದ್ರಿ ಇದೆ ಸಾಹೇಬರೇ. ನಾನು ಬರೆದುಕೊಟ್ಟರೆ ಬರುವ ವರ್ಷ ನನಗೆ ಗೊಬ್ಬರ ಯಾರು ಕೊಡುತ್ತಾರೆ?’ ಎಂದು ಹೇಳಿ, ಸೀಸೆಗಳನ್ನು ಮತ್ತೆ ಚೀಲಕ್ಕೆ ಹಾಕಿಕೊಂಡು ಎದ್ದುಹೋದರು.

ನಾನು ಅಂಗಡಿಗೆ ಹೋಗಿ ಲೈಸೆನ್ಸನ್ನೂ ದಾಸ್ತಾನಿನ ಪುಸ್ತಕವನ್ನೂ ಪರೀಕ್ಷಿಸಿ, ಬಿಲ್ಲುಗಳನ್ನು ಸರಿಯಾಗಿ ಬರೆಯುತ್ತಿಲ್ಲವೆಂದು ನೋಟೀಸು ಕೊಟ್ಟು ಬಂದೆನು. ಅದಕ್ಕಿಂತ ಹೆಚ್ಚಿನದನ್ನು ಮಾಡಲು ನನ್ನ ಕೈಯಲ್ಲಿ ಆಧಾರವಿರಲಿಲ್ಲ. ಹೇಳಿದ ಮಾತು ಗಾಳಿಯಲ್ಲಿ ಹೋಗಿತ್ತು. ಆ ಮಾತನ್ನು ಕೇಳಿದ್ದ ಒಬ್ಬನೇ ಸಾಕ್ಷಿಯು ಮಾರಿದವನ ಸಾಲಗಾರನಾಗಿದ್ದನು.

ಲೇಖಕನ ತಪ್ಪು

ಇಷ್ಟನ್ನು ಬರೆದ ಮೇಲೆ ವರ್ತಕರ ಮೇಲೆ ಮಾತ್ರ ದೋಷವನ್ನು ಹೊರಿಸಿದರೆ ನ್ಯಾಯವಾಗಲಾರದು. ಮೇಲೆ ಹೇಳಿದ ಪ್ರಸಂಗಕ್ಕೆ ಕೆಲವು ವರ್ಷಗಳ ಹಿಂದೆ ಬೀಜದ ಕಂಪೆನಿಯೊಂದರವರು ನಡೆಸಿದ ಕ್ಷೇತ್ರೋತ್ಸವಕ್ಕೆ ನನ್ನನ್ನು ಆಹ್ವಾನಿಸಿದ್ದರು. ಹಾರ ಹಾಕಿಸಿಕೊಂಡು, ಸಾಲಿನ ಅಂತರ ಮತ್ತು ಗೊಬ್ಬರದ ಪ್ರಮಾಣವನ್ನು ಕುರಿತು ಹತ್ತು ನಿಮಿಷ ಮಾತನಾಡಿ ಬಂದೆನು. ಅವರ ತಳಿಯ ಹೆಸರನ್ನು ಸಹ ನಾನು ಎತ್ತಲಿಲ್ಲ. ಒಂದು ತಿಂಗಳ ಮೇಲೆ ಸಂತೆಯಲ್ಲಿ ಹಂಚುತ್ತಿದ್ದ ಕರಪತ್ರದಲ್ಲಿ ನನ್ನ ಭಾವಚಿತ್ರವೂ, ಅದರ ಕೆಳಗೆ ‘ಇಲಾಖೆಯವರು ಮೆಚ್ಚಿದ ತಳಿ’ ಎಂಬ ಮಾತೂ ಇದ್ದುವು. ಕೂಡಲೇ ಕಾಗದ ಬರೆದು ಅದನ್ನು ನಿಲ್ಲಿಸಿದೆನು. ಆದರೆ ಹಂಚಿದ ಕರಪತ್ರಗಳು ಹಿಂದಿರುಗಿ ಬರಲಿಲ್ಲ. ‘ನಿಮ್ಮ ಫೋಟೋ ನೋಡಿಯೇ ಬಿತ್ತಿದೆವು’ ಎಂದು ಇಬ್ಬರು ರೈತರು ನನಗೆ ಹೇಳಿದರು. ಅವರ ಬೆಳೆಯು ಸಾಧಾರಣವಾಗಿ ಬಂದಿತೆಂಬುದೇ ನನ್ನ ಪುಣ್ಯ. ಕೆಟ್ಟಿದ್ದರೆ ನಾನು ಅವರಿಗೆ ಏನು ಉತ್ತರ ಹೇಳುತ್ತಿದ್ದೆನೋ ತಿಳಿಯದು.

ಆ ದಿವಸ ನಾವು ನೋಡಿದ ತಾಕು ಊರಿನಲ್ಲೆಲ್ಲಾ ಉತ್ತಮವಾದ ಜಮೀನಿನಲ್ಲಿತ್ತು. ಕೊಳವೆ ಬಾವಿಯ ನೀರು, ಕಂಪೆನಿಯವರೇ ಕೊಟ್ಟ ಗೊಬ್ಬರ, ವಾರಕ್ಕೊಮ್ಮೆ ಅವರ ನೌಕರನ ಮೇಲ್ವಿಚಾರಣೆ, ಇಷ್ಟೂ ಅದಕ್ಕೆ ಇದ್ದುವು. ಪಕ್ಕದಲ್ಲಿ ಹೋಲಿಸಿ ನೋಡುವುದಕ್ಕೆ ರೂಢಿಯ ತಳಿಯ ತಾಕು ಇರಲಿಲ್ಲ. ಪರೀಕ್ಷೆಯೆಂದರೆ ಒಂದೇ ಹೊಲದಲ್ಲಿ, ಒಂದೇ ದಿವಸ ಬಿತ್ತಿ, ಒಂದೇ ಗೊಬ್ಬರ ಹಾಕಿ, ಹೊಸ ತಳಿಯನ್ನೂ ಹಳೆಯ ತಳಿಯನ್ನೂ ಮಗ್ಗುಲುಮಗ್ಗುಲಾಗಿ ಬೆಳೆದು, ಊರಿನವರ ಎದುರಿಗೆ ಕೊಯ್ದು ತೂಗುವುದು. ಇದಿಲ್ಲದ ತಾಕು ಪರೀಕ್ಷೆಯ ವೇಷ ಹಾಕಿಕೊಂಡ ಜಾಹೀರಾತು. ಇದನ್ನು ನಾನು ಓದಿ ತಿಳಿದಿದ್ದರೂ ಅಂದು ಕೇಳದೆ ಬಂದುದು ನನ್ನ ತಪ್ಪು. ಅನಂತರ ೨೦೨೨ನೆಯ ಇಸವಿಯ ಜೂನ್ ತಿಂಗಳಲ್ಲಿ ಕೇಂದ್ರ ಪ್ರಾಧಿಕಾರದವರು ಪ್ರಕಟಿಸಿದ ಮಾರ್ಗಸೂಚಿಗಳು, ಸರಕನ್ನು ಕುರಿತು ಮೆಚ್ಚುಗೆಯನ್ನು ಹೇಳುವವರು ಸಾಕಷ್ಟು ತಿಳಿದು ಹೇಳಬೇಕೆಂದು ವಿಧಿಸಿದುವು. ನಟರಿಗೂ ಆಟಗಾರರಿಗೂ ಅನ್ವಯಿಸುವ ಈ ನೀತಿಯು ವ್ಯವಸಾಯದ ಅಧಿಕಾರಿಗೆ ಇನ್ನೂ ಹೆಚ್ಚಾಗಿ ಅನ್ವಯಿಸತಕ್ಕದ್ದು.

ಉಡುಗೊರೆ ಮತ್ತು ಜೋಡಣೆ

ಇನ್ನೆರಡು ಪದ್ಧತಿಗಳನ್ನು ಕುರಿತು ಹೇಳಲೇಬೇಕಾಗಿದೆ. ಇಷ್ಟು ಪೆಟ್ಟಿಗೆ ಮಾರಿದ ವರ್ತಕರಿಗೆ ಬೆಳ್ಳಿಯ ನಾಣ್ಯ, ಇಷ್ಟು ಮಾರಿದವರಿಗೆ ಪರದೇಶದ ಪ್ರವಾಸ ಎಂಬ ಆಸೆಯನ್ನು ತೋರಿಸುವುದು ಮೊದಲನೆಯದು. ವಿಷದ ಪದಾರ್ಥವನ್ನು ಹೆಚ್ಚು ಮಾರಿದಷ್ಟೂ ಬಹುಮಾನ ಹೆಚ್ಚುವಾಗ, ಒಂದು ಸಿಂಪರಣೆ ಸಾಕಾದಲ್ಲಿ ಮೂರನ್ನು ಹೇಳುವ ಚಪಲವು ಯಾರಿಗೂ ಬಾರದಿರದು. ಸಂಯುಕ್ತ ರಾಷ್ಟ್ರಗಳ ಆಹಾರ ಮತ್ತು ವ್ಯವಸಾಯ ಸಂಸ್ಥೆಯವರು ೧೯೮೫ರಲ್ಲಿ ಮೊದಲು ಅಂಗೀಕರಿಸಿದ ಕೀಟನಾಶಕಗಳ ನೀತಿಸಂಹಿತೆಯು ಕಾಲಕಾಲಕ್ಕೆ ತಿದ್ದುಪಡಿಯಾಗಿದ್ದು, ಕೊಳ್ಳುವಂತೆ ಪ್ರೇರಿಸುವ ಅನುಚಿತವಾದ ಉಡುಗೊರೆಗಳನ್ನು ಕೊಡಕೂಡದೆಂದು ಅದರಲ್ಲಿ ಹೇಳಿದೆ. ಆ ಸಂಹಿತೆಗೆ ಶಿಕ್ಷೆಯ ಬಲವಿಲ್ಲ, ಒಪ್ಪಿ ನಡೆಯುವವರ ಮನಸ್ಸೇ ಅದರ ಬಲ.

ಎರಡನೆಯದು, ಯೂರಿಯಾ ಚೀಲವು ಬೇಕಾದರೆ ಈ ಸೀಸೆಯನ್ನೂ ತೆಗೆದುಕೊಳ್ಳಬೇಕೆಂದು ಕಟ್ಟುಪಾಡು ಮಾಡುವುದು. ಒಂದು ಸರಕನ್ನು ಕೊಡಬೇಕಾದರೆ ಮತ್ತೊಂದನ್ನು ಕೊಳ್ಳಲೇಬೇಕೆಂದು ಹೇಳುವುದು ಗ್ರಾಹಕರ ಕಾಯಿದೆಯ ಪ್ರಕಾರ ನಿರ್ಬಂಧಕ ವ್ಯಾಪಾರ ಪದ್ಧತಿಯಾಗಿದೆ. ಸರ್ಕಾರದವರು ರೈತರ ಸಲುವಾಗಿ ಸಹಾಯಧನವನ್ನು ಕೊಟ್ಟು ಅಗ್ಗಮಾಡಿದ ಗೊಬ್ಬರವನ್ನು ಹೀಗೆ ಗಾಳವಾಗಿ ಉಪಯೋಗಿಸುವುದು ಕಾನೂನಿಗೂ ಧರ್ಮಕ್ಕೂ ವಿರೋಧವಾದುದು.

ವರ್ತಕರ ಪಕ್ಷ

ವರ್ತಕರೂ ಹೇಳಿಕೊಳ್ಳುವ ಮಾತುಗಳಿವೆ, ಅವುಗಳನ್ನು ಕೇಳದೆ ಬಿಡತಕ್ಕದ್ದಲ್ಲ. ಬ್ಯಾಂಕಿನವರು ಬಾಗಿಲಲ್ಲಿ ನಿಲ್ಲಿಸಿದ ರೈತನಿಗೆ ಉದ್ರಿ ಕೊಟ್ಟು ಬಿತ್ತನೆ ಮಾಡಿಸುವವರು ಅವರೇ. ಪೊಟ್ಟಣದೊಳಗೆ ಏನಿದೆಯೆಂಬುದು ರೈತನಿಗೆ ತಿಳಿಯದಿರುವಂತೆ ಅವರಿಗೂ ತಿಳಿಯದು. ಕಂಪೆನಿಯ ಪ್ರತಿನಿಧಿಯು ಹೇಳಿಕೊಟ್ಟುದನ್ನೇ ಅವರು ಹೇಳುತ್ತಾರೆ. ‘ಇದಕ್ಕಿಂತ ಜೋರಾದ ಔಷಧಿ ಕೊಡಿ’ ಎಂದು ಕೇಳುವ ರೈತರೂ, ಸಿಂಪಡಿಸಬೇಡಿರೆಂದು ಹೇಳಿದ ವರ್ತಕನನ್ನು ಬಿಟ್ಟು ಪಕ್ಕದ ಅಂಗಡಿಗೆ ಹೋಗುವ ರೈತರೂ ನಮ್ಮಲ್ಲಿ ಕಡಮೆಯಿಲ್ಲ. ಇವೆಲ್ಲಾ ನಿಜವೇ. ಹೈದರಾಬಾದಿನ ರಾಷ್ಟ್ರೀಯ ಕೃಷಿ ವಿಸ್ತರಣಾ ನಿರ್ವಹಣ ಸಂಸ್ಥೆಯವರು ೨೦೦೩ರಲ್ಲಿ ಪ್ರಾರಂಭಿಸಿದ ವರ್ತಕರ ಡಿಪ್ಲೊಮಾ ಶಿಕ್ಷಣವನ್ನು ಪಡೆದು, ಕೀಟವನ್ನು ನೋಡಿ ಗುರುತಿಸಿ, ಬೇಡದ ಸರಕನ್ನು ಬೇಡವೆಂದೇ ಹೇಳುವ ವರ್ತಕರನ್ನು ನಾನು ಬಲ್ಲೆನು. ಅಂಥವರಿಗೆ ನಷ್ಟವಾಗುವುದು ಕಾನೂನಿನಿಂದಲ್ಲ. ತಾವು ಸತ್ಯವನ್ನು ಹೇಳುತ್ತಿರುವಾಗ ಎದುರಿನ ಅಂಗಡಿಯವನು ಮೂರು ದಿವಸದಲ್ಲಿ ನುಸಿ ಸಾಯುತ್ತದೆಂದು ಹೇಳುವುದರಿಂದ ಅವರಿಗೆ ನಷ್ಟ. ಸುಳ್ಳಿಗೆ ಕಟ್ಟು ಹಾಕಿದರೆ ಮೊದಲು ಉಳಿಯುವವನು ಪ್ರಾಮಾಣಿಕನಾದ ವರ್ತಕನೇ.

ಸಲಹೆಗಳು

ಮೇಲಿನ ವಿಚಾರಗಳಿಂದ ನನಗೆ ತೋರಿದ ಮೂರು ಸಲಹೆಗಳನ್ನು ಇಲಾಖೆಯ ಹಿರಿಯರ ಮತ್ತು ವಾಚಕರ ಮುಂದಿಡುತ್ತೇನೆ.

ಮೊದಲನೆಯದಾಗಿ, ಬಾಯಿಯ ಮಾತು ಬಿಲ್ಲಿಗೆ ಬರಬೇಕು. ಯಾವ ಬೆಳೆಗೆ, ಯಾವ ಕೀಟಕ್ಕೆ ಅಥವಾ ರೋಗಕ್ಕೆ, ಎಷ್ಟು ಪ್ರಮಾಣದಲ್ಲಿ ಎಂಬ ಮೂರು ಮಾತುಗಳನ್ನು ವರ್ತಕರು ಬಿಲ್ಲಿನ ಮೇಲೆ ಬರೆದುಕೊಡುವಂತೆ ನಿಯಮವಾಗಬೇಕು. ವೈದ್ಯರು ಚೀಟಿ ಬರೆದುಕೊಡುವುದಿಲ್ಲವೇ? ಹೀಗೆ ಮಾಡಿದರೆ ವರ್ತಕರು ಸಲಹೆ ಕೊಡುವುದಕ್ಕೇ ಹೆದರುವರೆಂದು ಕೆಲವರು ಹೇಳಬಹುದು. ತಿಳಿದವನು ಬರೆಯುವುದಕ್ಕೆ ಹೆದರನು. ಬರೆಯುವುದಕ್ಕೆ ಹೆದರುವ ಮಾತನ್ನು ಹೇಳದೆ ಇರುವುದೇ ಕ್ಷೇಮ. ಆಗ ರೈತನು ಸಾಲಗಾರನಾಗಿದ್ದರೂ ಸಾಕ್ಷಿ ಹೇಳಬೇಕಾಗಿಲ್ಲ, ಕಾಗದವೇ ಸಾಕ್ಷಿ ಹೇಳುತ್ತದೆ.

ಎರಡನೆಯದಾಗಿ, ಜಾಹೀರಾತಿನಲ್ಲಿ ಇಳುವರಿಯ ಅಂಕಿಯನ್ನು ಹಾಕುವವರು ಅದರ ಪಕ್ಕದಲ್ಲಿಯೇ, ಅಷ್ಟೇ ದಪ್ಪವಾದ ಅಕ್ಷರಗಳಲ್ಲಿ, ಆ ಇಳುವರಿಯು ಯಾವ ಊರಿನಲ್ಲಿ, ಯಾವ ಹಂಗಾಮಿನಲ್ಲಿ, ಮಳೆಯ ಆಶ್ರಯದಲ್ಲಿ ಬಂದಿತೋ ನೀರಾವರಿಯಲ್ಲಿ ಬಂದಿತೋ ಎಂಬುದನ್ನು ಹಾಕಬೇಕು. ಇದು ಹೊಸ ಮಾತೇನೂ ಅಲ್ಲ. ೨೦೦೧ನೆಯ ಇಸವಿಯ ಸಸ್ಯ ತಳಿಗಳ ಮತ್ತು ರೈತರ ಹಕ್ಕುಗಳ ಸಂರಕ್ಷಣಾ ಕಾಯಿದೆಯ ೩೯ನೆಯ ಪ್ರಕರಣವು, ನೋಂದಾಯಿತವಾದ ತಳಿಯನ್ನು ರೈತನಿಗೆ ಮಾರಿದಾಗ ಅದು ಇಂಥ ಪರಿಸ್ಥಿತಿಯಲ್ಲಿ ಇಷ್ಟು ಫಲ ಕೊಡುವುದೆಂದು ತಿಳಿಸಲೇಬೇಕೆಂದೂ, ಅದೇ ಪರಿಸ್ಥಿತಿಯಲ್ಲಿ ಆ ಫಲವು ಬಾರದಿದ್ದರೆ ರೈತನು ಪ್ರಾಧಿಕಾರದ ಮುಂದೆ ಪರಿಹಾರವನ್ನು ಕೇಳಬಹುದೆಂದೂ ಹೇಳುತ್ತದೆ. ಆ ನ್ಯಾಯವನ್ನು ಗೋಡೆಯ ಮೇಲಿನ ಪ್ರತಿಯೊಂದು ಅಂಕಿಗೂ ವಿಸ್ತರಿಸಬೇಕೆಂಬುದಷ್ಟೇ ನನ್ನ ಕೋರಿಕೆ.

ಮೂರನೆಯದಾಗಿ, ಹೋಲಿಕೆಯ ತಾಕು ಇಲ್ಲದ ಕ್ಷೇತ್ರೋತ್ಸವದ ವೇದಿಕೆಯನ್ನು ನಮ್ಮ ಇಲಾಖೆಯವರು ಯಾರೂ ಹತ್ತಕೂಡದು. ತೂಕದ ದಿವಸ ನಾವು ಅಲ್ಲಿರಬೇಕು, ಹಾರದ ದಿವಸ ಅಲ್ಲ.

ರೈತಬಾಂಧವರಲ್ಲಿ ವಿಜ್ಞಾಪನೆ

ಹೊಸ ನಿಯಮಗಳು ಬರುವವರೆಗೆ ರೈತರು ತಾವೇ ಮಾಡಬಹುದಾದುದು ಬಹಳವಿದೆ. ಬಿಲ್ಲಿಲ್ಲದೆ ಬೀಜವನ್ನಾಗಲಿ ಔಷಧಿಯನ್ನಾಗಲಿ ಮನೆಗೆ ತರಬೇಡಿರಿ. ‘ಔಷಧಿ’ ಎಂದು ಬರೆದ ಬಿಲ್ಲು ಬಿಲ್ಲಲ್ಲ. ಸರಕಿನ ಹೆಸರು, ತಯಾರಾದ ತಂಡದ ಸಂಖ್ಯೆ ಮತ್ತು ಬೆಲೆ ಅದರಲ್ಲಿರಬೇಕು. ‘ಯಾವ ಹುಳಕ್ಕೆ ಕೊಟ್ಟಿರೆಂಬುದನ್ನೂ ಇದರ ಮೇಲೆ ಬರೆದುಕೊಡಿ’ ಎಂದು ವಿನಯದಿಂದ ಕೇಳಿರಿ. ಕೇಳುವುದನ್ನು ಯಾವ ಕಾಯಿದೆಯೂ ತಡೆಯುವುದಿಲ್ಲ. ಬೀಜದ ಪೊಟ್ಟಣವನ್ನೂ ಚೀಟಿಯನ್ನೂ ಫಸಲು ಮನೆಗೆ ಬರುವವರೆಗೆ ಜೋಪಾನವಾಗಿಡಿರಿ. ನ್ಯಾಯಾಲಯದವರು ಅವಶ್ಯಕವಿಲ್ಲವೆಂದು ಹೇಳಿದ್ದರೂ ಒಂದು ಹಿಡಿ ಬೀಜವನ್ನು ಎತ್ತಿಟ್ಟರೆ ನಷ್ಟವೇನೂ ಇಲ್ಲ. ಬೆಳೆಯಲ್ಲಿ ದೋಷವು ಕಂಡರೆ ಪೈರು ಹೊಲದಲ್ಲಿರುವಾಗಲೇ ನಿಮ್ಮ ಹೋಬಳಿಯ ರೈತ ಸಂಪರ್ಕ ಕೇಂದ್ರಕ್ಕೆ ಬರಹದಲ್ಲಿ ದೂರು ಕೊಡಿರಿ. ಕಿತ್ತು ಹರಗಿದ ಮೇಲೆ ಬಂದರೆ ನಾವು ಮಣ್ಣನ್ನು ನೋಡಿ ಏನನ್ನು ಹೇಳಬಲ್ಲ‌ೆವು? ಜಿಲ್ಲಾ ಗ್ರಾಹಕ ಆಯೋಗಕ್ಕೆ ಎರಡು ವರ್ಷಗಳೊಳಗೆ ದೂರು ಕೊಡಬಹುದು. ಕೊಟ್ಟ ಬೆಲೆಯು ಐದು ಲಕ್ಷ ರೂಪಾಯಿಗಳನ್ನು ಮೀರದಿದ್ದರೆ ಶುಲ್ಕವಿಲ್ಲ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ ೧೯೧೫.

ಉದ್ರಿಯ ಭಯದಿಂದ ಬಾಯಿ ಮುಚ್ಚಿಕೊಂಡು ಹೋದ ಆ ಹಿರಿಯರನ್ನು ನಾನು ದೂಷಿಸಲಾರೆನು. ಒಬ್ಬರೇ ಬಂದುದರಿಂದ ಅವರಿಗೆ ಹೆದರಿಕೆಯಾಯಿತು. ಅದೇ ಸೀಸೆಯನ್ನು ಕೊಂಡಿದ್ದ ಊರಿನ ಇಪ್ಪತ್ತು ಮಂದಿ ಒಟ್ಟಿಗೆ ಬಂದು ಒಂದೇ ಕಾಗದಕ್ಕೆ ರುಜು ಹಾಕಿದ್ದರೆ, ಆ ವರ್ತಕರು ಇಪ್ಪತ್ತು ಮಂದಿಗೂ ಗೊಬ್ಬರವನ್ನು ನಿಲ್ಲಿಸುತ್ತಿರಲಿಲ್ಲ. ಸಹಕಾರ ಸಂಘಗಳ ಮೂಲಕ ಒಟ್ಟಾಗಿ ಕೊಳ್ಳುವುದೂ, ಒಟ್ಟಾಗಿ ಬರೆಸಿಕೊಳ್ಳುವುದೂ, ಒಟ್ಟಾಗಿ ದೂರುವುದೂ ಇದಕ್ಕೆ ಇರುವ ಮದ್ದು.

ಮುಂಗಾರು ಹತ್ತಿರ ಬಂದಿದೆ, ಗೋಡೆಗಳು ಮತ್ತೆ ಮಾತನಾಡಲು ತೊಡಗಿವೆ. ಗೋಡೆಯ ಮಾತನ್ನು ಕೇಳಿರಿ, ಅಂಗಡಿಯವರ ಮಾತನ್ನೂ ಕೇಳಿರಿ. ಹಣವನ್ನು ಎಣಿಸುವುದಕ್ಕೆ ಮುಂಚೆ ಆ ಮಾತು ಕಾಗದದ ಮೇಲೆ ಇಳಿದಿದೆಯೇ ಎಂದು ಒಮ್ಮೆ ನೋಡಿರಿ.